ಅಡಿಕೆ ಅಂಗಳ ಮತ್ತು ಬೀಟ್ ಪುಸ್ತಕ: ಶಿರಸಿ ಸೀಮೆಯ ಕೇರಿಯೊಂದರ ಪ್ರಕರಣ ಅಧ್ಯಯನ

ಶಿರಸಿ ತಾಲೂಕಿನ ಪಶ್ಚಿಮಕ್ಕೆ, ಘಟ್ಟದ ಅಂಚಿಗೆ ಸಮೀಪವಿರುವ ಒಂದು ಕೇರಿಯಲ್ಲಿ ಅಡಿಕೆ ಕಳವನ್ನು ತಡೆಯಲು ನಿವಾಸಿಗಳೂ ಪೊಲೀಸರೂ ಸೇರಿ ಎರಡು ಹಂಗಾಮುಗಳಲ್ಲಿ ಮಾಡಿದ ಕೆಲಸವನ್ನು, ಅದರ ನಡುವೆ ಬಂದ ಒಡಕುಗಳ ಸಮೇತ, ಇಲ್ಲಿ ಬರೆದಿಟ್ಟಿದ್ದೇನೆ. ಕೇರಿಯ, ಠಾಣೆಯ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಇಷ್ಟು ಚಿಕ್ಕ ಊರಿನಲ್ಲಿ ಒಬ್ಬರ ಗುರುತು ಸಿಕ್ಕಿದರೆ ಉಳಿದವರದೂ ಸಿಕ್ಕಂತೆಯೇ ಆಗುತ್ತದೆ. ಮೊದಲ ಹಂಗಾಮಿನಲ್ಲಿ ಕಾರಣವಿಲ್ಲದೆ ಸಂಶಯಕ್ಕೆ ಗುರಿಯಾದವರು ಈಗಲೂ ಅಲ್ಲಿಯೇ ದುಡಿದು ಬದುಕುತ್ತಿದ್ದಾರೆ.

ಊರು ಮತ್ತು ಹಂಗಾಮು

2011ರ ಜನಗಣತಿಯಂತೆ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 319 ಜನರಿದ್ದರೆ ಉತ್ತರ ಕನ್ನಡದಲ್ಲಿ ಇದ್ದವರು 140 ಮಾತ್ರ. ಪೊಲೀಸ್ ಗಸ್ತಿನ ಮಟ್ಟಿಗೆ ಈ ಅಂಕಿಯ ಅರ್ಥ ಬಹಳ ದೊಡ್ಡದು. ಬಯಲುಸೀಮೆಯ ಊರಿನಲ್ಲಿ ಬೀಟ್ ಪೊಲೀಸರು, ಅಂದರೆ ಗೊತ್ತಾದ ಪ್ರದೇಶವೊಂದರ ಗಸ್ತಿನ ಹೊಣೆ ಹೊತ್ತವರು, ಒಂದು ಸುತ್ತು ನಡೆದರೆ ನೂರಾರು ಮನೆಗಳ ಬಾಗಿಲು ಕಾಣುತ್ತದೆ. ಇಲ್ಲಿ ಪ್ರತಿ ಮನೆಯೂ ತನ್ನ ತೋಟದ ತಲೆಯಲ್ಲಿ ಒಂಟಿಯಾಗಿ ನಿಂತಿದೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಕಣಿವೆ, ಹಳ್ಳ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟ. ಠಾಣೆಯಿಂದ ಹೊರಟ ಜೀಪು ಡಾಂಬರು ರಸ್ತೆ ಬಿಟ್ಟು ಕೊನೆಯ ಮನೆಯ ದಣಪೆಯನ್ನು ಮುಟ್ಟಲು ಮಳೆಗಾಲವಲ್ಲದ ದಿನಗಳಲ್ಲೂ ಗಂಟೆಯ ಹತ್ತಿರ ಹಿಡಿಯುತ್ತದೆ. ಮಕ್ಕಳು ಬೆಂಗಳೂರು, ಹುಬ್ಬಳ್ಳಿ ಸೇರಿರುವುದರಿಂದ ಹೆಚ್ಚಿನ ಮನೆಗಳಲ್ಲಿ ಉಳಿದಿರುವವರು ಅರವತ್ತು ದಾಟಿದ ದಂಪತಿಗಳು, ಕೆಲವೆಡೆ ಒಬ್ಬರೇ ಇರುವ ಅಜ್ಜಿಯರು.

ಈ ಭೌಗೋಳಿಕ ಸ್ಥಿತಿಗೆ ಹಂಗಾಮಿನ ಸ್ವರೂಪವೂ ಸೇರಿಕೊಳ್ಳುತ್ತದೆ. ಹಸಿಯಾಗಿ ಸುಲಿದು ಬೇಯಿಸುವ ಕೆಂಪಡಿಕೆ ಒಂದು ವಾರದ ಬಿಸಿಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಹಣ್ಣಡಿಕೆಯನ್ನು ಸಿಪ್ಪೆಯ ಸಮೇತ ಒಣಗಿಸುವ ಚಾಲಿಗೆ ಸುಮಾರು 40 ದಿನಗಳ ಬಿಸಿಲು ಬೇಕು. ಅಷ್ಟೂ ದಿನ ಅದು ಅಂಗಳದಲ್ಲೋ ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟದ ಮೇಲೋ ಬಯಲಿನಲ್ಲೇ ಬಿದ್ದಿರುತ್ತದೆ. ಚಾಲಿಯ ದರ ಇತ್ತೀಚಿನ ವರ್ಷಗಳಲ್ಲಿ ಕ್ವಿಂಟಲಿಗೆ 35,000 ರೂಪಾಯಿಗೂ ಮೇಲೆ ಹೋಗಿರುವುದರಿಂದ ಒಂದು ಗೋಣಿಚೀಲ ಹೋದರೂ ಸಣ್ಣ ಹಿಡುವಳಿದಾರನಿಗೆ ತಿಂಗಳುಗಳ ಖರ್ಚು ಹೋದಂತೆ. ಸಿಪ್ಪೆ ಸುಲಿದು ಬೇರೆ ರಾಶಿಗೆ ಬೆರೆಸಿದ ಮೇಲೆ ಯಾರ ತೋಟದ ಅಡಿಕೆ ಯಾವುದೆಂದು ಹೇಳಲು ಯಾವ ಮಾರ್ಗವೂ ಇಲ್ಲ. ಕಳ್ಳನಿಗೆ ಇದಕ್ಕಿಂತ ಅನುಕೂಲವಾದ ಸರಕು ಮಲೆನಾಡಿನಲ್ಲಿ ಬೇರೊಂದಿಲ್ಲ.

ದೂರಾಗದ ಕಳವು

ಮೊದಲ ಹಂಗಾಮಿನಲ್ಲಿ ಹಲವು ಮನೆಗಳ ಅಂಗಳದಿಂದ ಅಡಿಕೆ ಹೋಯಿತು. ಇಡೀ ರಾಶಿಯನ್ನು ಯಾರೂ ಹೊತ್ತೊಯ್ಯಲಿಲ್ಲ. ಮೂಲೆಯಿಂದ ಎರಡು ಬುಟ್ಟಿ, ಅಟ್ಟದ ಒಂದು ಬದಿಯಿಂದ ಒಂದು ಚೀಲ ಎನ್ನುವಷ್ಟು ಮಾತ್ರ. ಹೋಗಿದೆಯೋ ಇಲ್ಲವೋ ಎಂಬ ಗೊಂದಲದಲ್ಲೇ ಕೆಲವರು ದಿನ ಕಳೆದರು. ಖಚಿತವಾಗಿ ತಿಳಿದವರೂ ಠಾಣೆಗೆ ಹೋಗಲಿಲ್ಲ. “ಹೋದ್ದು ಹೋತು, ಠಾಣೆ ಮೆಟ್ಲು ಹತ್ತದು ಬ್ಯಾಡ” ಎಂಬುದು ಹಿರಿಯರೊಬ್ಬರ ಮಾತು, ಅದು ಇಡೀ ಕೇರಿಯ ನಿಲುವೂ ಆಗಿತ್ತು. ಠಾಣೆಗೆ ಹೋದರೆ ಮರ್ಯಾದೆ ಹೋಗುತ್ತದೆ ಎಂಬ ಹಳೆಯ ಅಳುಕು, ಪಟ್ಟಣಕ್ಕೆ ಹೋಗಿ ಬರುವ ಒಂದು ದಿನದ ಕೆಲಸಗೇಡು, ನಂತರ ಮಹಜರು, ಸಾಕ್ಷಿ, ನ್ಯಾಯಾಲಯ ಎಂದು ಅಲೆಯಬೇಕಾದೀತೆಂಬ ಭಯ, ಇವೆಲ್ಲ ಅದರ ಹಿಂದಿದ್ದವು.

ಅದೇ ವೇಳೆ ಠಾಣೆಯ ದಾಖಲೆಯಲ್ಲಿ ಈ ಕೇರಿ ಅತ್ಯಂತ ಶಾಂತವಾದ ಪ್ರದೇಶಗಳಲ್ಲಿ ಒಂದಾಗಿತ್ತು. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಜಾರಿಗೆ ಬಂದಾಗ ಪ್ರತಿ ಸಿಬ್ಬಂದಿಗೂ ನಿಗದಿತ ಪ್ರದೇಶವೊಂದರ ಹೊಣೆ ವಹಿಸಿ, ಅಲ್ಲಿನ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಕ್ರಮ ಬಂತು. ಆಶಯ ಒಳ್ಳೆಯದು. ಈ ಕೇರಿಯಲ್ಲಿ ಅದು ಕಾಗದದಲ್ಲೂ ಇತ್ತು. ಆದರೆ ಸದಸ್ಯರ ಪಟ್ಟಿಯಲ್ಲಿ ಊರು ಬಿಟ್ಟವರ ಹೆಸರೂ ತೀರಿಕೊಂಡವರ ಹೆಸರೂ ಉಳಿದುಕೊಂಡಿದ್ದವು. ಬೀಟ್ ಸಿಬ್ಬಂದಿ ಹಗಲಿನಲ್ಲಿ ಬಂದು ಸಹಕಾರಿ ಸೊಸೈಟಿಯ ಕಟ್ಟೆಯಲ್ಲಿ ಬೀಟ್ ಪುಸ್ತಕಕ್ಕೆ ಸಹಿ ಪಡೆದು ಮರಳುತ್ತಿದ್ದರು. ದೂರು ಇಲ್ಲದ ಕಡೆಗೆ ರಾತ್ರಿ ಗಸ್ತನ್ನು ಹಾಕಲು ಠಾಣೆಗೆ ಆಧಾರವಿರಲಿಲ್ಲ. ಗಸ್ತು ಬಾರದ ಕಾರಣ ಪೊಲೀಸರಿಂದ ಏನೂ ಆಗದು ಎಂಬ ಜನರ ನಂಬಿಕೆ ಗಟ್ಟಿಯಾಯಿತು. ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು ಈ ಸುತ್ತನ್ನು. ಕಳ್ಳನಿಗೆ ನೆರವಾದದ್ದು ಕತ್ತಲೆಗಿಂತ ಹೆಚ್ಚಾಗಿ ಎರಡೂ ಕಡೆಯ ಮೌನ.

ದೂರಿನ ಜಾಗದಲ್ಲಿ ಗುಸುಗುಸು ಬೆಳೆಯಿತು. ಹೊಳೆಯಂಚಿನಲ್ಲಿ ನೆಲೆಸಿದ್ದ ಒಂದು ಕೂಲಿ ಕುಟುಂಬದ ಮೇಲೆ ಸಂಶಯ ಬಿತ್ತು, ಕೆಲವು ಮನೆಗಳವರು ಅವರನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಸಂಶಯಕ್ಕೆ ಆಧಾರವೆಂದರೆ ಅವರು ಬಡವರು, ಹಾವೇರಿ ಕಡೆಯಿಂದ ಬಂದವರು ಎಂಬುದಷ್ಟೇ. ಇದರಿಂದ ಮನನೊಂದ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರೊಬ್ಬರು ಆ ಮನೆಗಳ ತೋಟಕ್ಕೆ ಕೊನೆ ಕೊಯ್ಯಲು ಬರುವುದಿಲ್ಲವೆಂದು ಹೇಳಿಬಿಟ್ಟರು. ಮರ ಹತ್ತುವವರೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವ ಈ ಸೀಮೆಯಲ್ಲಿ ಕೊನೆಗೌಡರು ಮುನಿದರೆ ಹಣ್ಣಡಿಕೆ ಮರದ ಬುಡದಲ್ಲೇ ಉದುರಿ ಹಾಳಾಗುತ್ತದೆ. ಕಳವಿನಿಂದ ಆದ ನಷ್ಟದ ಮೇಲೆ ಜಗಳದಿಂದ ಆದ ನಷ್ಟವೂ ಸೇರಿತು.

ದಿನಾಂಕಗಳ ಸಭೆ

ಎರಡನೆಯ ಹಂಗಾಮಿಗೆ ಮುನ್ನ, ಠಾಣೆಗೆ ಹೊಸದಾಗಿ ಬಂದ ಸಬ್ ಇನ್‌ಸ್ಪೆಕ್ಟರ್ ಸೊಸೈಟಿಯ ಸಭಾಂಗಣದಲ್ಲಿ ಜನಸಂಪರ್ಕ ಸಭೆ ಕರೆದರು. ಆ ಸಭೆಯಲ್ಲಿ ನಾನೂ ಕುಳಿತಿದ್ದೆ. ಎಷ್ಟು ಹೋಯಿತು, ಯಾರ ಮೇಲೆ ಸಂಶಯ ಎಂಬ ಎರಡು ಪ್ರಶ್ನೆಗಳನ್ನೂ ಅವರು ಕೇಳಲಿಲ್ಲ. ಯಾವ ರಾತ್ರಿ ಹೋಯಿತು ಎಂದಷ್ಟೇ ಕೇಳಿದರು. ಯಾರಿಗೂ ತಾರೀಕು ನೆನಪಿರಲಿಲ್ಲ, ಆದರೆ ಎಲ್ಲರಿಗೂ ಸಂದರ್ಭ ನೆನಪಿತ್ತು: ಒಬ್ಬರಿಗೆ ಕಾರ್ತಿಕ ದೀಪೋತ್ಸವದ ಮರುದಿನ ಬೆಳಿಗ್ಗೆ, ಮತ್ತೊಬ್ಬರಿಗೆ ಅಣ್ಣನ ಮಗಳ ಮದುವೆಯಿಂದ ಮರಳಿದಾಗ, ಮೂರನೆಯವರಿಗೆ ಪಕ್ಕದ ಊರಿನಲ್ಲಿ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮನೆಗೆ ಬಂದಾಗ. ಬೀಟ್ ಸಿಬ್ಬಂದಿ ಅವನ್ನು ಹಲಗೆಯ ಮೇಲೆ ಒಂದರ ಕೆಳಗೆ ಒಂದಾಗಿ ಬರೆದಾಗ ಸಭೆ ಸ್ತಬ್ಧವಾಯಿತು. ಕಳವಾದ ಪ್ರತಿ ರಾತ್ರಿಯೂ ಕೇರಿಯ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಾರ್ಯಕ್ರಮಕ್ಕೆ ಹೋಗಿದ್ದ ರಾತ್ರಿಯೇ ಆಗಿತ್ತು.

ಕರೆಯೋಲೆಗಳೂ ಯಕ್ಷಗಾನದ ಕರಪತ್ರಗಳೂ ಅಂಗಡಿಯ ಗೋಡೆಗೆ ಅಂಟಿರುವುದರಿಂದ ಆ ದಿನಗಳು ದಾರಿಹೋಕರಿಗೂ ತಿಳಿದಿರಲು ಸಾಧ್ಯವಿತ್ತು. ಒಳಗಿನವರೇ ಇರಬೇಕೆಂಬ ವಾದ ಅಲ್ಲಿಗೆ ಸಡಿಲಗೊಂಡಿತು. ಮುನಿದಿದ್ದ ಕೊನೆಗೌಡರನ್ನು ಮುಂದಿನ ಸಭೆಗೆ ಸಬ್ ಇನ್‌ಸ್ಪೆಕ್ಟರರೇ ಕರೆಸಿದರು. ಹತ್ತಾರು ತೋಟಗಳನ್ನು ಸುತ್ತುವ ಅವರಿಗೆ ಕೇರಿಯ ಕಾಲುದಾರಿಗಳು ಭೂಮಾಲೀಕರಿಗಿಂತ ಚೆನ್ನಾಗಿ ಗೊತ್ತು. ಸೊಪ್ಪಿನ ಬೆಟ್ಟದ ಕಡೆಯಿಂದ ಇಳಿಯುವ, ಯಾರೂ ಬಳಸದ ಗಾಡಿದಾರಿಯಲ್ಲಿ ಸಣ್ಣ ಸರಕು ವಾಹನದ ಚಕ್ರದ ಗುರುತು ಕಂಡದ್ದನ್ನು ಅವರು ಹೇಳಿದರು. ಅದನ್ನು ಅವರು ಹಿಂದಿನ ವರ್ಷವೇ ನೋಡಿದ್ದರು. ಕೇಳಿದವರು ಯಾರೂ ಇರಲಿಲ್ಲ.

ಸಭೆಯಲ್ಲಿ ಕಾನೂನಿನ ಮಾತೂ ವಿವರವಾಗಿ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಲೆಕ್ಟ್ರಾನಿಕ್ ವಿಧಾನದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಬೆಟ್ಟ ದಾಟಿದರೆ ಬೇರೆ ಠಾಣೆಯ ಸರಹದ್ದು ಬರುವ ಈ ಕೇರಿಗೆ ಮೊದಲ ಅಂಶ ನೇರ ಉಪಯೋಗಕ್ಕೆ ಬಂತು. ಇದರ ಜೊತೆಗೆ ಅಷ್ಟು ಹಿತವಲ್ಲದ ಇನ್ನೊಂದು ಅಂಶವನ್ನೂ ಅಧಿಕಾರಿ ಮುಚ್ಚಿಡಲಿಲ್ಲ. ಕಳವಾದ ಸ್ವತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಾಗಿದ್ದರೆ ಸಾಮಾನ್ಯ ಕಳವು ಅಸಂಜ್ಞೇಯ ಅಪರಾಧವಾಗುತ್ತದೆ, ಅಂದರೆ ದಂಡಾಧಿಕಾರಿಯ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕ್ವಿಂಟಲಿಗೆ 40,000 ರೂಪಾಯಿ ಹಿಡಿದರೆ 12.5 ಕಿಲೋ ಚಾಲಿಗೆ ಈ ಮಿತಿ ಮುಗಿಯುತ್ತದೆ. ಎರಡು ಬುಟ್ಟಿ ಅಡಿಕೆಯ ಕಳವು ಹಲವು ಸಲ ಇದರ ಕೆಳಗೇ ಉಳಿಯುತ್ತದೆ. ಆದರೂ ಬರೆದುಕೊಡಿ, ದೂರು ತಲುಪಿದ್ದಕ್ಕೆ ಲಿಖಿತ ಹಿಂಬರಹ ಪಡೆಯಿರಿ ಎಂದು ಅವರು ಒತ್ತಾಯಿಸಿದರು. ತನಿಖೆಯಾಗದ ದೂರೂ ದಾಖಲೆಯಲ್ಲಿ ಸೇರಿದರೆ ಯಾವ ದಾರಿಗೆ, ಯಾವ ರಾತ್ರಿ ಗಸ್ತು ಹಾಕಬೇಕೆಂದು ಠಾಣೆಗೆ ತಿಳಿಯುತ್ತದೆ ಎಂಬುದು ಅವರ ವಾದ, ನನಗೂ ಅದು ಸರಿಯೆನಿಸಿತು.

ಏನು ಮಾಡಿದರು

ಕೇರಿಯವರು ಹದಿನೈದು ದಿನಗಳಿಗೊಮ್ಮೆ ಮುಂದಿನ ಮದುವೆ, ಉಪನಯನ, ತೇರು, ಆಟಗಳ ಪಟ್ಟಿಯನ್ನು ಬೀಟ್ ಸಿಬ್ಬಂದಿಗೆ ಕೊಡತೊಡಗಿದರು. ಗಸ್ತು ಹೆಚ್ಚಲಿಲ್ಲ, ಹೆಚ್ಚಿಸುವಷ್ಟು ಸಿಬ್ಬಂದಿ ಠಾಣೆಯಲ್ಲಿ ಇರಲೂ ಇಲ್ಲ. ಇದ್ದ ಗಸ್ತೇ ಬೇಕಾದ ರಾತ್ರಿಗೆ ಸರಿಯಿತು. ಎಲ್ಲರೂ ಹೊರಡುವ ರಾತ್ರಿ ಪ್ರತಿ ತಿರುವಿಗೆ ಒಂದು ಮನೆಯವರು ಉಳಿಯಬೇಕು, ಸಂಜೆ ಇಬ್ಬನಿಗೆ ರಾಶಿ ಮಾಡಿ ಮುಚ್ಚುವ ಅಡಿಕೆಯನ್ನು ಆ ದಿನ ಚೀಲಕ್ಕೆ ತುಂಬಿ ಒಳಗಿಡಬೇಕು, ಚೀಲದ ಮೇಲೆ ಸೊಸೈಟಿಯ ಸದಸ್ಯ ಸಂಖ್ಯೆಯನ್ನು ಮಸಿಯಲ್ಲಿ ಬರೆಯಬೇಕು ಎಂದು ನಿರ್ಧಾರವಾಯಿತು. ಕವಲುದಾರಿಯ ಸೊಸೈಟಿ ಕಟ್ಟಡಕ್ಕೆ ಒಂದು ಕ್ಯಾಮೆರಾ ಬಂತು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳಿಗೆ ಮಾತ್ರ ಕ್ಯಾಮೆರಾ ಕಡ್ಡಾಯ ಮಾಡಿರುವುದರಿಂದ ಇದು ಸ್ವಂತ ಇಚ್ಛೆಯಿಂದ ಹಾಕಿದ್ದು. ಸಿಡಿಲು ಮತ್ತು ವಿದ್ಯುತ್ ಕಡಿತಗಳ ಈ ಸೀಮೆಯಲ್ಲಿ ಕ್ಯಾಮೆರಾದ ಮೇಲೆ ಹೆಚ್ಚಿನ ಭರವಸೆ ಇಡದಿರುವುದೇ ಕ್ಷೇಮ.

ಮಾಹಿತಿಯನ್ನು ಹೇಗೆ ಹೇಳಬೇಕೆಂಬುದನ್ನು ಕಲಿತದ್ದು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚಿನ ಫಲ ಕೊಟ್ಟಿತು. ಮೊದಮೊದಲು ಠಾಣೆಗೆ ಬರುತ್ತಿದ್ದ ಕರೆಗಳು “ಯಾರೋ ಅಪರಿಚಿತರು ಓಡಾಡುತ್ತಿದ್ದಾರೆ” ಎಂಬಷ್ಟಕ್ಕೇ ಮುಗಿಯುತ್ತಿದ್ದವು. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಜನ, ಯಾವ ಬಣ್ಣದ ಯಾವ ಬಗೆಯ ವಾಹನ, ಯಾವ ಕಡೆಗೆ ಹೋಯಿತು ಎಂಬುದನ್ನು ಹೇಳಬೇಕು. ಯಾವ ಜಾತಿ, ಯಾವ ಭಾಷೆ, ಯಾರ ಕಡೆಯವರಿರಬಹುದು ಎಂಬ ಊಹೆಯನ್ನು ಹೇಳಬಾರದು ಎಂದು ಬೀಟ್ ಸಿಬ್ಬಂದಿ ಮನೆಮನೆಗೂ ಹೋಗಿ ತಿಳಿಸಿದರು. ಮೊಬೈಲ್ ಸಿಗ್ನಲ್ ಸಿಗದ ಮನೆಗಳಲ್ಲಿ ಸ್ಥಿರ ದೂರವಾಣಿಯ ಪಕ್ಕದ ಗೋಡೆಯ ಮೇಲೆ ತುರ್ತು ಸಂಖ್ಯೆ 112 ಮತ್ತು ಠಾಣೆಯ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಯಲಾಯಿತು. ದೂರವಾಣಿಯೂ ಸತ್ತಿರುವಾಗ ಕಣಿವೆಯಾಚೆಯ ಮನೆಗೆ ಕೂ ಹಾಕುವುದೇ ದಾರಿ. ಕಾಡುಹಂದಿ ಓಡಿಸುವ ಕೂಗಿಗೂ ಇದಕ್ಕೂ ವ್ಯತ್ಯಾಸ ತಿಳಿಯುವಂತೆ ಮೂರು ಸಲ ಬಿಟ್ಟು ಬಿಟ್ಟು ಕೂಗಬೇಕೆಂದು ಗೊತ್ತುಮಾಡಿಕೊಂಡರು.

ಹಗಲೆಲ್ಲ ಮನೆಯಲ್ಲಿದ್ದು ಅಂಗಳ ಕಾಯುವ ಹೆಂಗಸರು ಸಂಜೆಯ ಸಭೆಗಳಿಗೆ ಬರುತ್ತಿರಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಮಧ್ಯಾಹ್ನದ ಹೊತ್ತು, ಅಡಿಕೆ ಸುಲಿಯಲು ಎಲ್ಲರೂ ಮೆಟ್ಟುಗತ್ತಿಯ ಮುಂದೆ ಸೇರಿರುವಾಗ ಬಂದು ಕುಳಿತ ಮೇಲೆ ಮಾತು ಸರಾಗವಾಯಿತು. ಹಗಲಿನಲ್ಲಿ ದರ ಕೇಳುವ ನೆಪದಲ್ಲಿ ಬಂದು ಅಂಗಳದ ಅಳತೆ ನೋಡಿ ಹೋದವರ ಸಂಗತಿ ಹೊರಬಂದದ್ದು ಅಲ್ಲಿಂದಲೇ.

ಇನ್ನು ಮಾರಾಟದ ತುದಿ. ಈ ಸೀಮೆಯ ಬೆಳೆಗಾರರಿಗೆ 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂತಹ ಸಹಕಾರಿ ಸಂಸ್ಥೆಗಳಿವೆ. ಅಲ್ಲಿ ಅಡಿಕೆ ಸದಸ್ಯನ ಖಾತೆಯ ಹೆಸರಿನಲ್ಲಿ ಟೆಂಡರಿಗೆ ಹೋಗುವುದರಿಂದ ಕದ್ದ ಸರಕಿಗೆ ದಾರಿ ಕಿರಿದು. ಕದ್ದ ಅರೆ ಒಣಗಿದ ಅಡಿಕೆ ಹೋಗುವುದು ಚೀಟಿ ಇಲ್ಲದೆ ಬಿಡಿಯಾಗಿ ಕೊಳ್ಳುವವರ ಬಳಿಗೆ. ಆದ್ದರಿಂದ ಸುತ್ತಲಿನ ಸಣ್ಣ ವ್ಯಾಪಾರಿಗಳನ್ನೂ ವಖಾರಿಯವರನ್ನೂ ಸಭೆಗೆ ಕರೆದು, ಅಪರಿಚಿತರು ಸಿಪ್ಪೆಯ ಸಮೇತ ಅಡಿಕೆ ತಂದರೆ ಹೆಸರು ಮತ್ತು ವಾಹನ ಸಂಖ್ಯೆ ಬರೆದಿಡುವಂತೆ ಕೋರಲಾಯಿತು. ಕೆಲವರು ಒಪ್ಪಿದರು, ಕೆಲವರು ಮುಖ ತಿರುಗಿಸಿದರು.

ಕಾವಲಿನ ಗಡಿ

ಒಂದು ರಾತ್ರಿ ಕೇರಿಯ ಯುವಕರು ತಾವಾಗಿಯೇ ಟಾರ್ಚು, ದೊಣ್ಣೆ ಹಿಡಿದು ದಾರಿ ಕಾದರು. ನಡೆದುಕೊಂಡು ಬರುತ್ತಿದ್ದ ಒಬ್ಬ ಹುಡುಗನನ್ನು ತಡೆದು, ಚೀಲ ಬಿಚ್ಚಿಸಿ, ಬೈದು, ಕಟ್ಟೆಯ ಮೇಲೆ ಕೂರಿಸಿಕೊಂಡರು. ಆತ ಹೊಳೆಯಂಚಿನ ಆ ಕೂಲಿ ಕುಟುಂಬದ ನೆಂಟ. ಕೊನೆಯ ಬಸ್ ತಪ್ಪಿ ಪಟ್ಟಣದಿಂದ ಲಾರಿ ಹತ್ತಿ ಬಂದಿದ್ದ. ಯಾರೋ ಹಿರಿಯರು ಠಾಣೆಗೆ ಕರೆ ಮಾಡಿದ್ದರಿಂದ ಬೀಟ್ ಸಿಬ್ಬಂದಿ ಬಂದು ಅವನನ್ನು ಬಿಡಿಸಿದರು. ಯಾರೂ ಕೈ ಮಾಡಿರಲಿಲ್ಲ, ಆದರೆ ಮಾಡುವ ಹಂತಕ್ಕೆ ಬಂದಿತ್ತು. ಬೆಳೆ ರಕ್ಷಣೆಗಾಗಿ ಬಂದೂಕಿನ ಪರವಾನಗಿ ಹೊಂದಿದ ಮನೆಗಳು ಇರುವ ಕೇರಿಯಲ್ಲಿ ಅಂಥ ರಾತ್ರಿ ಎಲ್ಲಿಗೆ ಹೋಗಿ ಮುಟ್ಟಬಹುದಿತ್ತೆಂದು ನೆನೆದರೆ ಈಗಲೂ ನನಗೆ ಕಳವಳವಾಗುತ್ತದೆ.

ಮರುದಿನ ಸಬ್ ಇನ್‌ಸ್ಪೆಕ್ಟರ್ ಆ ಯುವಕರನ್ನು ಗದರಿಸುವ ಬದಲು ಕೂರಿಸಿಕೊಂಡು ವಿವರಿಸಿದರು. ಸುರಕ್ಷಾ ಸಂಹಿತೆಯ 40ನೆಯ ಕಲಮು ಸಾಮಾನ್ಯ ನಾಗರಿಕನಿಗೂ ಹಿಡಿಯುವ ಅಧಿಕಾರ ಕೊಟ್ಟಿದೆ. ಆದರೆ ಅದು ತನ್ನ ಕಣ್ಣೆದುರು ಜಾಮೀನುರಹಿತ ಸಂಜ್ಞೇಯ ಅಪರಾಧ ಎಸಗಿದವನನ್ನು ಅಥವಾ ಘೋಷಿತ ಅಪರಾಧಿಯನ್ನು ಮಾತ್ರ, ಹಿಡಿದ ಬಳಿಕ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ರಾತ್ರಿ ದಾರಿಯಲ್ಲಿ ನಡೆಯುವುದು ಅಪರಾಧವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪೊಂದು ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದದ್ದನ್ನು ಅವರು ನೆನಪಿಸಿದರು. ನಮ್ಮ ಜಿಲ್ಲೆಗೂ ಇಂಥ ನೆನಪುಗಳಿವೆ: 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಆರಂಭವಾದ ಗಲಭೆ ವದಂತಿಗಳ ಬೆನ್ನೇರಿ ಕುಮಟಾ, ಶಿರಸಿಗಳವರೆಗೂ ಹಬ್ಬಿತ್ತು.

ನೆರೆರಾಜ್ಯಗಳ ಅನುಭವವೂ ಇದನ್ನೇ ಹೇಳುತ್ತದೆ. ಕೇರಳದಲ್ಲಿ 2008ರಲ್ಲಿ ಆರಂಭವಾದ ಜನಮೈತ್ರಿ ಸುರಕ್ಷಾ ಯೋಜನೆ ಬೀಟ್ ಪೊಲೀಸರೇ ಮನೆಮನೆಯ ಪರಿಚಯ ಬೆಳೆಸಿಕೊಳ್ಳುವುದಕ್ಕೆ ಒತ್ತು ಕೊಟ್ಟಿತು. ತಮಿಳುನಾಡಿನಲ್ಲಿ 1993ರಲ್ಲಿ ಹುಟ್ಟಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ಸ್ವಯಂಸೇವಕ ಪಡೆಯನ್ನು, 2020ರ ಸಾತಾನ್‌ಕುಳಂ ಪ್ರಕರಣದಲ್ಲಿ ತಂದೆ ಮತ್ತು ಮಗ ಬಂಧನದಲ್ಲಿದ್ದಾಗ ಸತ್ತು, ಸ್ವಯಂಸೇವಕರ ಮೇಲೂ ಆರೋಪ ಬಂದ ಬಳಿಕ, ಅಲ್ಲಿನ ಸರ್ಕಾರ ನಿಷೇಧಿಸಿತು. ನಾಗರಿಕನ ಕೈಗೆ ಪೊಲೀಸರ ಅಧಿಕಾರದ ನೆರಳು ಬಂದರೆ ಅಪಾಯ ಮೊದಲು ತಟ್ಟುವುದು ದುರ್ಬಲರಿಗೆ. ಗ್ರಾಮ ರಕ್ಷಣಾ ದಳ ಕಟ್ಟಲು ನಮ್ಮಲ್ಲಿ 1964ರ ಕಾಯ್ದೆಯೇ ಇದ್ದರೂ, ಕೇರಿಯವರು ಚರ್ಚಿಸಿ ಅದರ ಗೊಡವೆಗೆ ಹೋಗಲಿಲ್ಲ. ಕಂಡದ್ದನ್ನು ತಿಳಿಸುವುದು ತಮ್ಮ ಕೆಲಸ, ತಡೆದು ಕೇಳುವುದು ಪೊಲೀಸರ ಕೆಲಸ ಎಂದು ಠರಾವು ಬರೆದರು. ರಾತ್ರಿ ಹೊರಗೆ ನಿಲ್ಲುವವರು ಬಂದೂಕನ್ನೂ ದೊಣ್ಣೆಯನ್ನೂ ಒಯ್ಯಬಾರದೆಂದು ಸೇರಿಸಿದರು. ತಡೆಯಲ್ಪಟ್ಟ ಹುಡುಗನ ಮನೆಗೆ ಹಿರಿಯರಿಬ್ಬರು ಹೋಗಿ ಕ್ಷಮೆ ಕೇಳಿದರು, ಆ ಕುಟುಂಬದ ಯಜಮಾನನನ್ನೂ ಕೊನೆಗೌಡರನ್ನೂ ಬೀಟ್ ಸದಸ್ಯರ ಪಟ್ಟಿಗೆ ಸೇರಿಸಲಾಯಿತು.

ಫಲ ಮತ್ತು ಉಳಿದ ಕೆಲಸ

ಆ ಹಂಗಾಮಿನ ಒಂದು ಆಟದ ರಾತ್ರಿ, ಹಿಂದೆ ಉಳಿದಿದ್ದ ಅಜ್ಜಿಯೊಬ್ಬರು ಗಾಡಿದಾರಿಯಲ್ಲಿ ದೀಪ ಆರಿಸಿ ನಿಂತ ಸಣ್ಣ ಸರಕು ವಾಹನವನ್ನು ಕಂಡು ಸ್ಥಿರ ದೂರವಾಣಿಯಿಂದ ತಿಳಿಸಿದರು. ಹೊತ್ತು, ಬಣ್ಣ, ಹೋದ ದಿಕ್ಕು ಮೂರನ್ನೂ ಸರಿಯಾಗಿ ಹೇಳಿದ್ದರು. ಗಸ್ತಿನವರು ಮುಖ್ಯರಸ್ತೆಯಲ್ಲಿ ಅದನ್ನು ನಿಲ್ಲಿಸಿದಾಗ ಒಳಗೆ ಸಿಪ್ಪೆ ಸಮೇತದ ಅಡಿಕೆಯ ಚೀಲಗಳಿದ್ದವು, ಚೀಟಿ ಇರಲಿಲ್ಲ. ಒಂದು ಚೀಲದ ಮೇಲಿದ್ದ ಮಸಿಯ ಸಂಖ್ಯೆ ಬೆಟ್ಟದಾಚೆಯ ಊರಿನ ಬೆಳೆಗಾರರದೆಂದು ಮರುದಿನ ತಿಳಿಯಿತು. ಸಿಕ್ಕಿಬಿದ್ದವರು ಕೇರಿಯವರೂ ಅಲ್ಲ, ಸಂಶಯಕ್ಕೆ ಒಳಗಾಗಿದ್ದ ಕುಟುಂಬಕ್ಕೆ ಪರಿಚಿತರೂ ಅಲ್ಲ. ಪ್ರಕರಣ ನ್ಯಾಯಾಲಯದಲ್ಲಿದೆ, ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಅದಾದ ಮೇಲೆ ಕೇರಿಯಲ್ಲಿ ಅಡಿಕೆ ಹೋದ ದೂರು ಬಂದಿಲ್ಲ. ಒಂದು ಹಂಗಾಮನ್ನು ನೋಡಿ ಇಷ್ಟೇ ಕಾರಣವೆಂದು ನಿರ್ಧರಿಸುವುದು ಸರಿಯಾಗದು. ಕಳ್ಳರು ಬೇರೆ ಕಣಿವೆಯನ್ನು ಆರಿಸಿಕೊಂಡಿರಲೂಬಹುದು. ಆದರೆ ಠಾಣೆಗೆ ಬರುವ ಕರೆಗಳು ಹೆಚ್ಚಿವೆ ಮತ್ತು ಸ್ಪಷ್ಟವಾಗಿವೆ ಎಂದು ಬೀಟ್ ಸಿಬ್ಬಂದಿ ಹೇಳುತ್ತಾರೆ. ದೂರುಗಳ ಸಂಖ್ಯೆ ಏರಿದರೆ ಅದನ್ನು ಠಾಣೆಯ ವೈಫಲ್ಯವೆಂದು ಮೇಲಧಿಕಾರಿಗಳು ಎಣಿಸಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ಹಾಗೆ ಎಣಿಸಿದರೆ ಠಾಣೆಗಳು ಮತ್ತೆ ದೂರು ಬರೆದುಕೊಳ್ಳಲು ಹಿಂಜರಿಯುತ್ತವೆ.

ದೊಡ್ಡ ಆತಂಕ ವರ್ಗಾವಣೆಯದು. ಇಷ್ಟೆಲ್ಲ ನಡೆದದ್ದು ಒಬ್ಬ ಸಬ್ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಸಿಬ್ಬಂದಿಯ ಆಸ್ಥೆಯಿಂದ. ರಾಜ್ಯದಲ್ಲಿ 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆ ಆರಂಭವಾಗಿ, ಬೀಟ್ ಸಿಬ್ಬಂದಿ ಪ್ರತಿ ಮನೆಗೂ ಹೋಗಿ ಅಹವಾಲು ಕೇಳಬೇಕೆಂಬ ನಿಯಮ ಬಂದಿರುವುದರಿಂದ ಈ ಕೆಲಸಕ್ಕೆ ಒಂದು ಅಧಿಕೃತ ನೆಲೆ ಸಿಕ್ಕಿದೆ. ಆದರೂ ಯಾವ ಅಜ್ಜಿಗೆ ಕಿವಿ ಮಂದ, ಯಾವ ಮನೆಯ ದೂರವಾಣಿ ಮಳೆಗೆ ಸಾಯುತ್ತದೆ, ಯಾವ ಗಾಡಿದಾರಿ ಎಲ್ಲಿ ಕೂಡುತ್ತದೆ ಎಂಬ ತಿಳಿವಳಿಕೆ ಹೋದವರ ಜೊತೆಗೇ ಹೋಗಬಾರದು. ಬೀಟ್ ಪುಸ್ತಕದ ಜೊತೆಗೆ ಈ ವಿವರಗಳನ್ನು ಬರೆದ ಒಂದು ವಹಿಯನ್ನು ಕೇರಿಯವರೇ ಸಿದ್ಧಪಡಿಸಿ ಸೊಸೈಟಿಯಲ್ಲಿ ಇಟ್ಟಿದ್ದಾರೆ. ಹೊಸದಾಗಿ ಬರುವ ಸಿಬ್ಬಂದಿಯನ್ನು ಹಳಬರೊಂದಿಗೆ ಒಮ್ಮೆ ಎಲ್ಲ ಮನೆಗಳಿಗೂ ಕಳುಹಿಸಬೇಕೆಂದು ಠಾಣೆಗೆ ಲಿಖಿತವಾಗಿ ಕೇಳಿದ್ದಾರೆ.

ಹಂಗಾಮು ಮುಗಿದ ಮೇಲೂ ಸಭೆಗಳು ನಿಂತಿಲ್ಲ. ನಿವೃತ್ತರೊಬ್ಬರಿಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ವಿಡಿಯೋ ಕರೆ ಬಂದು, ಅವರು ಬ್ಯಾಂಕಿಗೆ ಹೊರಡುವ ಮುನ್ನ ಬೀಟ್ ಸಿಬ್ಬಂದಿಗೆ ಫೋನ್ ಮಾಡಿ ಕೇಳಿದ್ದರಿಂದ ಹಣ ಉಳಿಯಿತು. ಗೋಡೆಗಳ ಮೇಲೆ 112ರ ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930ನ್ನೂ ಈಗ ಬರೆಯಲಾಗುತ್ತಿದೆ, ಒಬ್ಬರೇ ಇರುವ ಹಿರಿಯರ ಮನೆಗಳಿಂದ ಆ ಕೆಲಸವನ್ನು ಆರಂಭಿಸಿದ್ದಾರೆ.